ಏಳನೇ ನಿಮಿಷದ ತಿದ್ದುಪಡಿ

ಅಕ್ಟೋಬರ್ 5, ಭಾನುವಾರ

ಎರಡು ಲೋಡ್ ಬಟ್ಟೆ ಆಯಿತು. ಇಡ್ಲಿ ಹಿಟ್ಟು ಉಬ್ಬಲಿಲ್ಲ, ದೋಸೆ ಹುಯ್ದೆ. ಛಾಯಾ ನಿನ್ನೆ ಸಂಜೆಯ ರೈಲಿಗೆ ಬಂದಿದ್ದಾಳೆ. ಶಿಕಾಗೋದಿಂದ ನಮ್ಮ ಲಿಸ್ಲ್‌ಗೆ ಒಂದು ಗಂಟೆಯೂ ಇಲ್ಲ, ಆದರೂ ತಿಂಗಳಾಗಿತ್ತು. ಮಾಸಿದ ಬಟ್ಟೆಯ ಚೀಲದ ಜೊತೆಗೆ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡ್. ಅದನ್ನು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದಳು.

"ಏನೇ ಇದು, ಕಾಲಿಗೆ ತೊಡರತ್ತೆ."

"ಜಸ್ಟ್ ಇಗ್ನೋರ್ ಇಟ್, ಅಮ್ಮಾ. ದಿನಾ ಏನ್ ಮಾಡ್ತೀರೋ ಅದೇ ಮಾಡಿ."

ನಿರಂಜನ್ ಇಸ್ತ್ರಿ ಶರ್ಟು ಹಾಕಿಕೊಂಡು ಇಳಿದು ಬಂದರು. "ಅಪ್ಪಾ, ನೋ! ಆ ಹಳೇ ಟಿ-ಶರ್ಟೇ ಹಾಕ್ಕೊಳ್ಳಿ." ಮತ್ತೆ ಮೇಲೆ ಹೋದರು. ಶರ್ಟು ಚೆನ್ನಾಗಿತ್ತು, ಪಾಪ.

ಇದು ಅವಳ ಕಾಲೇಜಿನ ಫಿಲ್ಮ್. ಹದಿನಾಲ್ಕು ನಿಮಿಷ. ವಿಷಯ ಇರಾನಿನ ಸಿನಿಮಾ. ಅಲ್ಲಿ ತೆರೆಯ ಮೇಲೆ ಗಂಡು ಹೆಣ್ಣು ಮುಟ್ಟುವಂತಿಲ್ಲ. ಮಲಗುವ ಕೋಣೆಯ ದೃಶ್ಯದಲ್ಲೂ ಹೆಣ್ಣು ತಲೆವಸ್ತ್ರ ತೆಗೆಯುವಂತಿಲ್ಲ — ಕಥೆಯಲ್ಲಿ ಅವಳೆದುರು ಗಂಡನೇ ಇದ್ದರೂ, ಥಿಯೇಟರಿನಲ್ಲಿ ಕೂತವರು ಪರಪುರುಷರಲ್ಲವೇ. ಹಾಗಿದ್ದರೆ ಪ್ರೀತಿ ತೋರಿಸಿದ್ದು ಹೇಗೆ? ಅದನ್ನೇ ಹುಡುಕುತ್ತಿದ್ದಾಳಂತೆ. ಹಳೆಯ ಚಿತ್ರಗಳ ತುಣುಕು ಬಳಸಲು ಅನುಮತಿ ಇಲ್ಲ. ಇಲ್ಲಿನ ಸಾಮಾನ್ಯ ಜನರಿಂದಲೇ ಆ ಬಗೆಯ ದೃಶ್ಯ ಮಾಡಿಸುತ್ತಿದ್ದಾಳೆ. ಇಬ್ಬರು ಎರಡು ತುದಿ ಹಿಡಿದು ಚಾದರ ಮಡಿಸುವುದು. ಮಗು ಒಬ್ಬರಿಂದ ಇನ್ನೊಬ್ಬರಿಗೆ ಕಿತ್ತಳೆ ಒಯ್ಯುವುದು. ಖಾಲಿ ಕೋಟಿನ ಧೂಳು ಒದರುವುದು.

ನಮ್ಮದೇನು ಎಂದು ಕೇಳಿದೆ.

"ಕಾಫಿ ಕುಡಿಯೋದು," ಎಂದಳು.

ನಲವತ್ತು ನಿಮಿಷ ಕ್ಯಾಮೆರಾ ಓಡಿತು. ಮೂರನೇ ದೋಸೆಯ ಹೊತ್ತಿಗೆ ಅದು ಅಲ್ಲಿರುವುದೇ ಮರೆತುಹೋಗಿತ್ತು.

ಅಕ್ಟೋಬರ್ 11, ಶನಿವಾರ

ಶಿಕಾಗೋ. ಪಾರ್ಕಿಂಗ್‌ಗೆ ಇಪ್ಪತ್ತೈದು ನಿಮಿಷ. ಛಾಯಾಳ ಟೀಚರ್ ಪರ್ವಾನೆ ಅವರನ್ನು ನೋಡಿದೆ. ಅರವತ್ತಮೂರು ವರ್ಷ, ಗಿಡ್ಡ ಆಳು, ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದಾರೆ. ತೆಹ್ರಾನಿನಲ್ಲಿ ಒಂಬತ್ತು ವರ್ಷ ಸಂಕಲನದ ಮೇಜಿನಲ್ಲಿ ಸಹಾಯಕಿ. ಸೆನ್ಸಾರ್ ಕಚೇರಿಯಿಂದ ಚೀಟಿ ಬರುತ್ತಿತ್ತಂತೆ: ಇಂಥ ದೃಶ್ಯ, ಇಷ್ಟು ಸೆಕೆಂಡ್. "ಅವರು ಕತ್ತರಿಸುತ್ತಿರಲಿಲ್ಲ. ನಾವೇ ಕತ್ತರಿಸಿ ಒಯ್ಯಬೇಕಿತ್ತು."

ನನ್ನದನ್ನೂ ಹೇಳಿದೆ. ಮದುವೆಗೆ ಮುಂಚೆ ಆರು ವರ್ಷ ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಚಿತ್ರೋತ್ಸವದ ಫೋಟೋ ಬಂದಾಗ ಪೆನ್ಸಿಲಿನಿಂದ ಗೆರೆ ಎಳೆದು ಎರಡು ಮುಖ ಮಾತ್ರ ಉಳಿಸುತ್ತಿದ್ದೆ. ತುಟಿಯ ಕೆಳಗೆ ಏನಿದ್ದರೂ ಹೊರಕ್ಕೆ. ಯಾರೂ ಚೀಟಿ ಕಳಿಸಿದ್ದಿಲ್ಲ. ಮನೆಮಂದಿಯೆಲ್ಲ ಓದುವ ಪೇಪರ್ ಎಂಬುದೊಂದೇ ಕಾರಣ.

ಜೋರಾಗಿ ನಕ್ಕರು. "ಹಾಗಾದರೆ ನಾವಿಬ್ಬರೂ ಒಂದೇ ಕಸುಬಿನವರು!"

ಇನ್ನೊಂದು ವಿಷಯ ಹೇಳಿದರು. ಕೆಲವು ನಿರ್ದೇಶಕರು ನಿಜವಾದ ಗಂಡ-ಹೆಂಡತಿಯನ್ನೇ ಹುಡುಕಿ ಪಾತ್ರ ಕೊಡುತ್ತಿದ್ದರಂತೆ, ಕೈ ಹಿಡಿದರೆ ಆಕ್ಷೇಪ ಬರಬಾರದೆಂದು. ಅದಕ್ಕೂ ಒಮ್ಮೊಮ್ಮೆ ಬರುತ್ತಿತ್ತಂತೆ. "ನಿಮ್ಮ ಮಗಳಿಗೆ ಸಿಕ್ಕ ದಂಪತಿ ಬೇರೆ ಥರ," ಎಂದು ನನ್ನನ್ನು ನೋಡಿದರು. ಅರ್ಥವಾಗಲಿಲ್ಲ. ಛಾಯಾ ಮಾತು ಬದಲಿಸಿದಳು.

ಪರ್ವಾನೆ ಹೆಸರು ಫಿಲ್ಮಿನಲ್ಲಿ ಬರುವುದಿಲ್ಲ. ಅವರ ಅಕ್ಕ ಇನ್ನೂ ತೆಹ್ರಾನಿನಲ್ಲಿ, ಸ್ಕೂಲ್ ಟೀಚರ್; ಅವರಿಗೆ ತೊಂದರೆಯಾಗಬಾರದು.

ಅಕ್ಟೋಬರ್ 19, ಭಾನುವಾರ, ಸಂಜೆ 6

ಮಧ್ಯಾಹ್ನ ಎರಡಕ್ಕೆ ಛಾಯಾಳಿಂದ ಲಿಂಕ್ ಬಂತು. ಫಿಲ್ಮ್ ಡೆಟ್ರಾಯಿಟ್‌ನ ಸಣ್ಣದೊಂದು ಚಿತ್ರೋತ್ಸವಕ್ಕೆ ಆಯ್ಕೆಯಾಗಿದೆ, ನವೆಂಬರ್ 15, ಸಂಜೆ 4. "ಸ್ವಲ್ಪ ಬದಲಾಗಬಹುದು, ನೋಡಿ ಹೇಳಿ" ಎಂದು ಬರೆದಿದ್ದಳು.

ನಾವಿದ್ದದ್ದು ಇಂಡಿಯನ್ ಅಂಗಡಿಯಲ್ಲಿ, ದೀಪಾವಳಿ ಸಾಮಾನಿನ ಕ್ಯೂನಲ್ಲಿ. ನಿರಂಜನ್ ಆಯ್ಕೆ ಎಂಬ ಪದದವರೆಗೆ ಓದಿದರು. ಅಲ್ಲೇ ನಿಂತು 'ನಾರ್ತ್‌ವಿಲ್ ಬಳಗ'ಕ್ಕೆ ಫಾರ್ವರ್ಡ್ ಮಾಡಿದರು. ನಲವತ್ತಮೂರು ಜನರ ಗ್ರೂಪ್. ನಾವು ಮೊದಲು ಮಿಶಿಗನ್‌ನಲ್ಲಿ ಹತ್ತು ವರ್ಷ ಇದ್ದಾಗಿನವರು. "ನಮ್ಮ ಮಗಳ ಫಿಲ್ಮ್. ಡೆಟ್ರಾಯಿಟ್‌ನಲ್ಲಿ ಸೆಲೆಕ್ಟ್ ಆಗಿದೆ. ಎಲ್ಲರೂ ಫ್ಯಾಮಿಲಿ ಸಮೇತ ನೋಡಿ." ಮೂರು ಹೂವು, ಒಂದು ಕೈಮುಗಿಯುವ ಚಿಹ್ನೆ.

ಮನೆಗೆ ಬಂದು ಸಾಮಾನು ಎತ್ತಿಟ್ಟು ನಾವು ನೋಡುವಾಗ ಐದು ಗಂಟೆ.

ಏಳನೇ ನಿಮಿಷ. ನಮ್ಮ ಅಡುಗೆಮನೆ. ಕ್ಯಾಮೆರಾ ಅಲುಗುವುದಿಲ್ಲ. ನಿರಂಜನ್ ಕಾಫಿ ಬೆರೆಸುತ್ತಾರೆ. ಲೋಟವನ್ನು ಕಟ್ಟೆಯ ಮೇಲಿಡುತ್ತಾರೆ. ಕೈ ಹಿಂದಕ್ಕೆ ತೆಗೆಯುತ್ತಾರೆ. ಕೈ ಪೂರ್ತಿ ದೂರ ಹೋದ ಮೇಲೆ ನಾನು ತೆಗೆದುಕೊಳ್ಳುತ್ತೇನೆ. ಉಪ್ಪಿನ ಡಬ್ಬಿಯೂ ಹಾಗೇ. ಫ್ರಿಜ್ ಪಕ್ಕದ ಇಕ್ಕಟ್ಟಿನಲ್ಲಿ ನಾನು ಅಡ್ಡ ತಿರುಗಿ, ಹೊಟ್ಟೆ ಎಳೆದುಕೊಂಡು ದಾಟುತ್ತೇನೆ; ಅವರು ಎರಡೂ ಕೈ ಮೇಲೆತ್ತಿ ನಿಲ್ಲುತ್ತಾರೆ, ಪೊಲೀಸರು ಹಿಡಿದವರಂತೆ. ಒಟ್ಟು ನಾಲ್ಕು ನಿಮಿಷ. ಒಂಬತ್ತು ಸಲ ಹತ್ತಿರ ಬರುತ್ತೇವೆ. ಒಂದು ಸಲವೂ ತಾಕುವುದಿಲ್ಲ.

ಆ ಚಿತ್ರದ ಮೇಲೆ ಛಾಯಾಳ ದನಿ, ಇಂಗ್ಲಿಷಿನಲ್ಲಿ: "ನನ್ನ ತಂದೆ ತಾಯಿಗೆ ಯಾವ ಇಲಾಖೆಯೂ ಚೀಟಿ ಕಳಿಸಿಲ್ಲ. ಅವರು ಮುಟ್ಟಿಕೊಂಡಿದ್ದನ್ನು ನಾನು ನೋಡಿಲ್ಲ. ಅವರು ಮುಟ್ಟಿಕೊಳ್ಳುವವರಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ."

ನಿರಂಜನ್ ಫೋನ್ ತೆಗೆದರು. "ಗ್ರೂಪಿಂದ ಡಿಲೀಟ್ ಆಗತ್ತಾ?"

"ಆಗತ್ತೆ. ಆದ್ರೆ ಮೂವತ್ತೊಂದು ಜನ ನೋಡಾಗಿದೆ."

ಅಕ್ಟೋಬರ್ 20, ಸೋಮವಾರ

ದೀಪ ಹಚ್ಚಿಯಾಯಿತು. ನಾರ್ತ್‌ವಿಲ್‌ನಿಂದ ನಿರಂಜನ್ ದೊಡ್ಡಪ್ಪನ ಮಗ ಗಿರೀಶನ ಫೋನ್. ಸ್ಪೀಕರಿನಲ್ಲಿ.

"ಏನಪ್ಪಾ ಹೀರೋ! ಲೋಟಾನಾದ್ರೂ ಕೈಗ್ ಕೊಡೋ, ಕರೆಂಟ್ ಹೊಡೆಯಲ್ಲ!"

ಹಿಂದಿನಿಂದ ಅವನ ಹೆಂಡತಿ ಸರೋಜ, ಧಾರವಾಡದವಳು: "ಸುಮ್ಮನಿರ್ರೀ ನೀವು. ಗಗನಾ, ನಮ್ಮನ್ಯಾಗೂ ಹಂಗ ಅದ ತಗೋರಿ. ಇವರು ನನ್ನ ಚಹಾ ಮೈಕ್ರೊವೇವ್‌ನ್ಯಾಗ ಇಟ್ಟು ಆಫೀಸಿಗೆ ಹೋಗಿಬಿಡ್ತಾರ. ನಾ ಮನಿ ತುಂಬ ಹುಡುಕ್ಕೋತ ಅಡ್ಡಾಡ್ತೀನಿ."

ಎಲ್ಲರೂ ನಕ್ಕೆವು. ಫೋನಿಟ್ಟ ಮೇಲೆ ನಿರಂಜನ್ ಬೇಸ್‌ಮೆಂಟಿಗೆ ಇಳಿದರು. ಏಳನೇ ನಿಮಿಷದ ದನಿ ಮತ್ತೆ ಕೇಳಿಸಿತು. ಮತ್ತೆ.

ಅಕ್ಟೋಬರ್ 21

ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಮುಂದೆ ನಿಂತರು. ಕೆಳಗಿಡಲಿಲ್ಲ. ನಾನು ಕೈ ಚಾಚಬೇಕಿತ್ತು. ಎಲ್ಲಿ ಹಿಡಿಯುವುದೆಂದು ನೋಡುತ್ತಿದ್ದೆ... ಮೂರು ನಾಲ್ಕು ಸೆಕೆಂಡ್ ಆಗಿರಬಹುದು. ಕಟ್ಟೆಯ ಮೇಲಿಟ್ಟು ಹೋದರು.

ಅಕ್ಟೋಬರ್ 22

"ನಾನು ನೋಡಿಲ್ಲ" — ಅದು ನಿಜ. "ಮುಟ್ಟಿಕೊಳ್ಳುವವರಲ್ಲ" — ಅದು ತಪ್ಪು. ಡೆಸ್ಕಿನಲ್ಲಿದ್ದರೆ ಎರಡನೆಯದರ ಕೆಳಗೆ ಗೆರೆ ಎಳೆದು, ಯಾರು ಹೇಳಿದ್ದು ಎಂದು ವರದಿಗಾರನನ್ನು ಕೇಳುತ್ತಿದ್ದೆ.

ನಡೆದದ್ದು ಇಷ್ಟು. 2022ರ ಅಕ್ಟೋಬರ್ 11. ಎಡಗಡೆಯ ಮೊಲೆ ತೆಗೆದರು. ಕ್ಯಾನ್ಸರ್, ಮೊದಲ ಹಂತ, ಕೀಮೋ ಬೇಕಾಗಲಿಲ್ಲ. ಛಾಯಾಗೆ ಹದಿನೇಳು, ಕಾಲೇಜ್ ಅಪ್ಲಿಕೇಷನ್‌ಗಳ ಸಮಯ. ಗಾಲ್‌ಬ್ಲಾಡರ್ ಎಂದೆವು. ಊರಿಗೂ ಅದನ್ನೇ ಹೇಳಿದೆವು, ಗಿರೀಶನಿಗೂ. ಎರಡು ಕೊಳವೆ ಹಾಕಿ ಕಳಿಸಿದ್ದರು, ಗಾಯದ ನೀರು ಬಸಿಯಲು. ದಿನಕ್ಕೆ ಎರಡು ಸಲ ನಿರಂಜನ್ ಬಾಗಿಲು ಹಾಕಿ, ಕೊಳವೆ ನೀವಿ, ಬುಡ್ಡಿ ಖಾಲಿ ಮಾಡಿ, ಎಷ್ಟು ಎಂದು ಬರೆದಿಡುತ್ತಿದ್ದರು. ಬೆನ್ನು ಒರೆಸುತ್ತಿದ್ದರು. ತಲೆ ಬಾಚುತ್ತಿದ್ದರು, ಕೆಟ್ಟದಾಗಿ. ಹದಿನೇಳನೇ ದಿನ ಕೊಳವೆ ತೆಗೆದರು.

ಅಂದಿನಿಂದ ಮುಟ್ಟಿಲ್ಲ. ಮಂಚ ಒಂದೇ. ತೋಳಿಗೆ ಆಸರೆಯೆಂದು ಆಗ ನಡುವೆ ಇಟ್ಟ ದಿಂಬು ಈಗಲೂ ಅಲ್ಲೇ ಇದೆ. ಅಸಹ್ಯವೋ, ಮತ್ತೇನೋ. ನಾನು ಕೇಳಲಿಲ್ಲ.

ಅಕ್ಟೋಬರ್ 30, ಗುರುವಾರ

ಛಾಯಾಗೆ ಫೋನ್ ಮಾಡಿದೆ.

"ಆ ಶಾಟ್ ತೆಗಿ."

"ಯಾಕೆ?"

"ತಪ್ಪು ಮಾಹಿತಿ ಇದೆ."

"ವಾಟ್ ಮಾಹಿತಿ? ಕ್ಯಾಮೆರಾ ಸುಳ್ಳು ಹೇಳ್ತಾ?"

"ನಿನ್ನ ಸಾಲು ತಪ್ಪು."

"ಹಾಗಾದ್ರೆ ಸರಿ ಏನು? ಹೇಳಿ."

ಹೇಳಲಿಲ್ಲ. ನಾವಿಬ್ಬರೂ ಒಪ್ಪಿಗೆ ಫಾರಂಗೆ ಸೈನ್ ಮಾಡದಿದ್ದರೆ ಶಾಟ್ ಇಡುವಂತಿಲ್ಲ, ಹತ್ತನೇ ತಾರೀಖು ಕಡೆಯ ದಿನ. ನಾನು ಮಾಡುವುದಿಲ್ಲ ಎಂದೆ.

"ಪರ್ವಾನೆ ಹೆಸರು ಆಲ್ರೆಡಿ ತೆಗೆದಿದೀನಿ. ಅದು ಅವರ ಅಕ್ಕನಿಗೋಸ್ಕರ. ನಿಮ್ದು ಯಾರಿಗೋಸ್ಕರ, ಅಮ್ಮಾ? ನಾರ್ತ್‌ವಿಲ್ ಆಂಟಿಗಳಿಗಾ?" ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ — ಹಾಗಾದರೆ ಆ ಕಚೇರಿ ನೀವೇ.

ಇಟ್ಟುಬಿಟ್ಟಳು.

ನವೆಂಬರ್ 2

ಚಳಿಗಾಲದ ಲೆಕ್ಕಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಛಾಯಾ ಫೋನ್ ಮಾಡಿಲ್ಲ.

ನವೆಂಬರ್ 6, ಗುರುವಾರ

ಊಟದ ಬಿಡುವಿನಲ್ಲಿ ಪರ್ವಾನೆ ಫೋನ್ ಮಾಡಿದರು. ಆಫೀಸಿನ ಪಾರ್ಕಿಂಗ್ ಲಾಟ್‌ನಲ್ಲಿ, ಕಾರೊಳಗೆ ಕೂತು ಮಾತಾಡಿದೆ. ಒಪ್ಪಿಸಲು ಮಾಡಿದ ಕರೆಯಲ್ಲ ಎಂದರು.

ಒಂದು ಚಿತ್ರದ ಬಗ್ಗೆ ಹೇಳಿದರು. ಮುದುಕನೊಬ್ಬ ಕಾಯಿಲೆ ಹೆಂಡತಿಯ ಊದಿದ ಪಾದಕ್ಕೆ ಕಾಲುಚೀಲ ಹಾಕುತ್ತಾನೆ. ನಾಲ್ಕು ಸೆಕೆಂಡ್. ನಟರಿಬ್ಬರೂ ನಿಜದಲ್ಲಿ ದಂಪತಿಯಲ್ಲ. ಚೀಟಿ ಬಂತು, ಇವರು ಕತ್ತರಿಸಿದರು. ಚಿತ್ರ ತೆರೆ ಕಂಡಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಗೊಣಗಿದಳಂತೆ — ಎಂಥ ಗಂಡ, ಹೆಂಡತಿ ಸಾಯುತ್ತಿದ್ದರೂ ಹತ್ತಿರ ಬರಲಿಲ್ಲ.

"ಆ ಮುದುಕನನ್ನು ಕೆಟ್ಟವನಾಗಿ ಮಾಡಿದ್ದು ನಾನು," ಎಂದರು. "ನಿಮ್ಮ ಮನೆಯ ವಿಷಯ ನನಗೆ ಬೇಡ. ಆದರೆ ಹುಡುಗಿಯ ಸಾಲು ಸುಳ್ಳಾಗಿದ್ದರೆ ಅವಳಿಗೆ ಗೊತ್ತಾಗಬೇಕು."

ಒಂದೂವರೆಯ ಮೀಟಿಂಗ್ ತಪ್ಪಿತು.

ನವೆಂಬರ್ 8, ಶನಿವಾರ

ಒಬ್ಬಳೇ ರೈಲಿನಲ್ಲಿ ಹೋದೆ. ಛಾಯಾಳ ರೂಮ್‌ಮೇಟ್ ಹೊರಗಿದ್ದಳು. ಕೂತ ತಕ್ಷಣ ಹೇಳಿದೆ, ಇಲ್ಲದಿದ್ದರೆ ಹೇಳುತ್ತಿರಲಿಲ್ಲ.

"ಗಾಲ್‌ಬ್ಲಾಡರ್ ಅಲ್ವಾ?"

"ಅಲ್ಲ."

ಅಳುತ್ತಾಳೆ ಎಂದುಕೊಂಡಿದ್ದೆ. ಎದ್ದು ನಿಂತಳು. "ಅಮ್ಮಾ, ನಾನು ಫಾರಂ ಫಿಲ್ ಮಾಡ್ತೀನಿ. ಪ್ರತೀ ಡಾಕ್ಟರ್ ಹತ್ರ. ಫ್ಯಾಮಿಲಿ ಹಿಸ್ಟರಿ ಅಂತ ಇರತ್ತೆ. ಬ್ರೆಸ್ಟ್ ಕ್ಯಾನ್ಸರ್ — ನೋ. ಮೂರು ವರ್ಷದಿಂದ ನೋ ಅಂತ ಟಿಕ್ ಮಾಡ್ತಿದೀನಿ!"

ಇದು ನನಗೆ ಹೊಳೆದೇ ಇರಲಿಲ್ಲ. ಎಲ್ಲರ ತಪ್ಪು ತಿದ್ದಿದವಳು. ಮಗಳ ಕೈಯಲ್ಲಿ ಮೂರು ವರ್ಷ ಸುಳ್ಳು ಬರೆಸಿದ್ದೇನೆ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವಳ ಪಾತ್ರೆ ತೊಳೆದೆ. ಬಂದವಳು ಕಣ್ಣು ಒರೆಸಿಕೊಳ್ಳುತ್ತ, "ಹೇಳಿ, ರೆಕಾರ್ಡ್ ಮಾಡ್ತೀನಿ," ಎಂದಳು.

"ಇಂಗ್ಲಿಷಲ್ಲಾ?"

"ನಿಮ್ ಥರ ಹೇಳಿ."

ಹೊರಗಿನ ಸದ್ದು ಬರದಂತೆ ಬಟ್ಟೆ ಬೀರುವಿನೊಳಗೆ, ಕೋಟುಗಳ ನಡುವೆ, ಮೈಕ್ ಹಿಡಿದು ಕೂತೆವು. ನನಗೆ ಬರುವುದು ಒಂದೇ ಬಗೆ. ಮರುದಿನದ ಪೇಪರಿನಲ್ಲಿ ಹಾಕುವ ತಿದ್ದುಪಡಿಯಂತೆ ಹೇಳಿದೆ:

"ಈ ದಂಪತಿ ಮುಟ್ಟಿಕೊಳ್ಳುವವರಲ್ಲ ಎಂಬುದು ಸರಿಯಲ್ಲ. 2022ರ ಅಕ್ಟೋಬರಿನಲ್ಲಿ ಹೆಂಡತಿಗೆ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಡೆಯಿತು. ಗಂಡ ದಿನಕ್ಕೆ ಎರಡು ಸಲ ಗಾಯ ಶುಚಿ ಮಾಡಿದರು, ಮೈ ಒರೆಸಿದರು, ತಲೆ ಬಾಚಿದರು. ಒಟ್ಟು ಹದಿನಾರು ದಿನ. ಕೋಣೆಯ ಬಾಗಿಲು ಹಾಕಿದ್ದರಿಂದ ಮಗಳು ನೋಡಿಲ್ಲ. ಆ ಬಳಿಕ ಮುಟ್ಟಿಲ್ಲ. ಕಾರಣ ತಿಳಿದುಬಂದಿಲ್ಲ."

ಛಾಯಾ ಮೈಕ್ ಆರಿಸಲು ಮರೆತಳು. ಏಳನೇ ನಿಮಿಷದ ಚಿತ್ರ ಹಾಗೇ ಇರುತ್ತದೆ. ಅವಳ ಸಾಲು ಹೋಗಿ ಇದು ಬರುತ್ತದೆ, ಕೆಳಗೆ ಇಂಗ್ಲಿಷ್ ಅಕ್ಷರ.

"ಅಪ್ಪಂಗೆ ಗೊತ್ತಾ?"

"ನಾನೇ ಹೇಳ್ತೀನಿ."

ನವೆಂಬರ್ 10

ಇಬ್ಬರೂ ಸೈನ್ ಮಾಡಿದೆವು. ನಿರಂಜನ್ ಎಲ್ಲ ಫಾರಂನಂತೆ ಇದನ್ನೂ ಓದಲಿಲ್ಲ.

"ಛಾಯಾ ಆ ಸಾಲು ಬದಲಾಯಿಸಿದಾಳೆ," ಎಂದೆ.

"ಒಳ್ಳೇದಾಯ್ತು."

ಏನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನವೆಂಬರ್ 14, ಶುಕ್ರವಾರ. ನಾರ್ತ್‌ವಿಲ್

ಸುಮಾರು 290 ಮೈಲಿ. ಅವರೇ ಡ್ರೈವ್ ಮಾಡಿದರು. ಮಿಶಿಗನ್ ಸಿಟಿ ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ಲಾರಿಗಳು ಜಾಸ್ತಿ ಇದ್ದವು. ಕಲಮಜೂ ಹತ್ತಿರ ಕಾಫಿಗೆ ನಿಲ್ಲಿಸಿದಾಗ ಬಾಯಿ ತೆರೆದೆ. ಟೈರ್ ಗಾಳಿ ನೋಡಲು ಇಳಿದರು. ಆಮೇಲೆ ರೇಡಿಯೋ.

ಸರೋಜ ಜೋಳದ ರೊಟ್ಟಿ, ಎಣಗಾಯಿ ಮಾಡಿದ್ದಳು. ಗಿರೀಶ ಸಂಭ್ರಮದಲ್ಲಿದ್ದಾನೆ. "ನಾಳೆ ಗ್ರೂಪಿಂದ ಹನ್ನೆರಡು ಜನ ಬರ್ತಿದಾರೆ ಕಣೋ. ವೆಸ್ಟ್ ಬ್ಲೂಮ್‌ಫೀಲ್ಡ್‌ನೋರು ವ್ಯಾನ್ ಮಾಡ್ಕೊಂಡು ಬರ್ತಾರಂತೆ. ಸ್ಟಾರ್ ಆಗೋದೆ ನೀನು!"

ನಿರಂಜನ್ ನಕ್ಕರು. ಆ ಸಾಲು ಹೋಯಿತಲ್ಲ, ಇನ್ನು ನಾಚಿಕೆಯಿಲ್ಲ ಎಂದುಕೊಂಡಿದ್ದಾರೆ. ಹನ್ನೆರಡು ಜನರ ನಡುವೆ ಕೂತು ಅದನ್ನು ಮೊದಲ ಸಲ ಕೇಳುತ್ತಾರೆ.

ನವೆಂಬರ್ 15, ಶನಿವಾರ, ಬೆಳಿಗ್ಗೆ 10.40

ಹೇಳಿದೆ. ಹೇಳಿದೆ ಎಂದರೆ, ಕೇಳಿಸಿದೆ.

ಡ್ರೈವ್‌ವೇನಲ್ಲಿ ಕಾರಿನ ಬಾನೆಟ್ ಎತ್ತಿ ವೈಪರಿಗೆ ನೀಲಿ ನೀರು ಹಾಕುತ್ತಿದ್ದರು. ಪಕ್ಕದಲ್ಲಿ ನಿಂತು, ನನ್ನ ತಿದ್ದುಪಡಿಯ ರೆಕಾರ್ಡಿಂಗ್ ಹಾಕಿ ಫೋನ್ ಹಿಡಿದೆ. ಐವತ್ತೆರಡು ಸೆಕೆಂಡ್. ಕ್ಯಾನ್ ಕೈಯಲ್ಲೇ ಇತ್ತು. ಮುಖದಲ್ಲಿ ಏನೂ ಕಾಣಲಿಲ್ಲ.

"ಇನ್ನೊಂದ್ಸಲ ಹಾಕು."

ಹಾಕಿದೆ. ಹದಿನಾರು ಎಂದಲ್ಲಿ ಕೈ ಎತ್ತಿದರು. ನಿಲ್ಲಿಸಿದೆ.

"ಹದಿನಾರಲ್ಲ."

"ಹದಿನಾರೇ ರೀ. ಹದಿನೇಳನೇ ದಿನ ಕೊಳವೆ ತೆಗೆದ್ರು."

"ಕೊಳವೆ ಹೌದು." ಕ್ಯಾನಿನ ಮುಚ್ಚಳ ತಿರುಗಿಸಿದರು. ಬಿಗಿಯಾದ ಮೇಲೂ ತಿರುಗಿಸಿದರು. "ಡಿಸ್ಚಾರ್ಜ್ ಪೇಪರ್‌ನಲ್ಲಿ ಬರೆದಿದ್ರಲ್ಲ. ಆ ಕಡೆ ತೋಳು ಊದಬಹುದು, ಬಿಸಿ ಆಗಬಹುದು, ನೋಡ್ತಿರಿ ಅಂತ. ನೀನು ಮಲಗಿದ್ಮೇಲೆ ನೋಡ್ತಿದ್ದೆ. ಮುಟ್ಟಿ."

"ನಂಗೆ ಗೊತ್ತೇ ಆಗ್ಲಿಲ್ಲ."

"ಗುಡುಗಿದ್ರೂ ಏಳಲ್ಲ ನೀನು."

"ಎಬ್ಬಿಸ್ಬಹುದಿತ್ತು."

"ಎಬ್ಬಿಸಿದ್ರೆ ಮತ್ತೆ ಏನೋ ಬಂದಿದೆ ಅಂತ ಹೆದರ್ತೀಯ ಅನ್ಸ್ತು. ಆಮೇಲೆ..." ಬಾನೆಟ್ ಇಳಿಸಿದರು. "ಆಮೇಲೆ ನೀನು ಎದ್ದಿರೋವಾಗ ಹೆಂಗೆ ಮುಟ್ಟೋದು ಅಂತಾನೇ ಗೊತ್ತಾಗ್ಲಿಲ್ಲ. ನೀನೂ ಸರಿದು ಸರಿದು ಹೋಗ್ತಿದ್ದೆ."

ಹೌದು. ಫಿಲ್ಮಿನಲ್ಲೂ ಹಾಗೇ ಇದೆ. ಅಡ್ಡ ತಿರುಗುವವಳು ನಾನು.

"ಯಾವಾಗ ನಿಲ್ಲಿಸಿದ್ರಿ?"

ಸರೋಜ ಬಾಗಿಲಿಂದ ಕೂಗಿದಳು — ತಿಂಡಿ ಆರಕ್ಕತ್ತದ, ಇಬ್ಬರೂ ಒಳಗ ಬರ್ರಿ. ಅವರು ಹೋದರು. ನಾನು ಮೇಲೆ ಈ ಕೋಣೆಗೆ ಬಂದೆ.

11.15

ಬಂದು ಬಾಗಿಲು ಹಾಕಿದರು. ಮತ್ತೆ ಕೇಳಿದೆ.

"ನಿಲ್ಸಿಲ್ಲ," ಎಂದರು. "ಮೊನ್ನೆ ಗುರುವಾರಾನೂ ನೋಡ್ದೆ. ಬಿಸಿ ಏನಿಲ್ಲ."

ಗುರುವಾರ ಎಂದರೆ ನವೆಂಬರ್ 13. ಅಂದರೆ ಮೂರು ವರ್ಷ, ಒಂದು ತಿಂಗಳು. ಹದಿನಾರು ದಿನ ತಪ್ಪು. ಆ ಬಳಿಕ ಮುಟ್ಟಿಲ್ಲ ಎಂಬುದು ತಪ್ಪು. ಕಾರಣ ತಿಳಿದುಬಂದಿಲ್ಲ ಎಂಬುದೂ ಈಗ ತಪ್ಪು. ಫಿಲ್ಮ್ ಥಿಯೇಟರಿಗೆ ಹೋಗಿಯಾಗಿದೆ, ನಾಲ್ಕು ಗಂಟೆಗೆ ಅದೇ ಓಡುತ್ತದೆ. ಛಾಯಾ ಫೋನ್ ಎತ್ತುತ್ತಿಲ್ಲ. ಶುರುವಾಗುವ ಮುಂಚೆ ಅವಳು ಎದ್ದು ನಿಂತು ಹೇಳಬಹುದು. ಇಲ್ಲ, ನಾನೇ ಹೇಳಬಹುದು. ಆ ಹನ್ನೆರಡು ಜನರೆದುರು. ಏನು ಹೇಳಬೇಕೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ —

ಕುರ್ಚಿಯ ಹಿಂದೆ ಬಂದು ನಿಂತಿದ್ದಾರೆ. ನಾನು ಎಚ್ಚರವಾಗಿದ್ದೇನೆ, ಅದು ಅವರಿಗೂ ಗೊತ್ತು. ಈ ಸಲ ನಾನು ಸರಿಯುವುದಿಲ್ಲ. ಎಡ ತೋಳಿನ ಮೇಲೆ ಅವರ ಕೈ —